ಸೀಳುಕಿಂಡಿ

ಹದಿನಾಲ್ಕು ತಿಂಗಳ ಕಡಲು ಒಂದೇ ಫೈಲಿನಲ್ಲಿ.
ಪಿಕು ದ್ವೀಪದ ದಕ್ಷಿಣಕ್ಕೆ, ಒಂಬೈನೂರು ಮೀಟರು ಆಳದಲ್ಲಿ
ಹಗ್ಗಕ್ಕೆ ಕಟ್ಟಿದ ಕಿವಿಯೊಂದು ಕೇಳಿಸಿಕೊಂಡದ್ದೆಲ್ಲ:
ಇನ್ನೂರ ಹನ್ನೆರಡು ಜಿಬಿ.
ದಿಯೊಲಿಂಡಾಳ ಕಂಪ್ಯೂಟರಿನ ನೆನಪು ಎಂಟು.

ಮೊದಲ ರಾತ್ರಿ ಅವಳು ಮಾಡಿದ್ದು ಎಲ್ಲರೂ ಮಾಡುವುದೇ:
ತೆರೆ ಎಂದಳು. ಪೂರ್ತಿ ತೆರೆ.
ಯಂತ್ರ ಬಾಯ್ದೆರೆದು ನುಂಗತೊಡಗಿತು.
ಫ್ಯಾನಿಗೆ ಏದುಸಿರು, ಮುಟ್ಟಿದರೆ ಮೇಜೂ ಬಿಸಿ.
ಮೌಸಿನ ಬಾಣ ಕಲ್ಲಾಯಿತು. ಗಡಿಯಾರ
ಹತ್ತು ನಿಮಿಷ ಮೂರೂ ಹತ್ತನ್ನೇ ತೋರಿಸಿತು.
ಆಮೇಲೆ ಕಪ್ಪು ಪರದೆಯ ಮೇಲೆ ಒಂದೇ ಮಾತು:
ಕೊಲ್ಲಲಾಗಿದೆ.
ಯಾರು ಕೊಂದರು, ಯಾಕೆ, ಒಂದೂ ಇಲ್ಲ.

ದೊಡ್ಡ ಮಷೀನು ಬೇಕೆಂದು ಓರ್ತಾದ ಆಫೀಸಿಗೆ ಬರೆದಳು.
ಮುಂದಿನ ಬಜೆಟ್ಟಿನಲ್ಲಿ ನೋಡೋಣ, ಎಂದರು.
ನೋಡೋಣ ಅಂದರೆ ಎಲ್ಲ ಭಾಷೆಯಲ್ಲೂ ಇಲ್ಲ ಅಂತಲೇ.

ಬೆಳಿಗ್ಗೆ ಬೇಸರಕ್ಕೆ ಗುಡ್ಡ ಹತ್ತಿದಳು.
ಸುಣ್ಣ ಬಳಿದ ಕಾವಲುಗೂಡು, ಒಳಗೆ ಎವರಿಸ್ತು,
ಎಂಬತ್ತೊಂದರ ಮುದುಕ, ತುಟಿಯಲ್ಲಿ ಹಚ್ಚದ ಸಿಗರೇಟು.
ಗೋಡೆಯುದ್ದಕ್ಕೂ ಸೀಳುಕಿಂಡಿ, ಗೇಣಗಲ.
ಅದರಲ್ಲಿ ದುರ್ಬೀನು.
ಹಿಂದೆ ಇಲ್ಲಿಂದ ತಿಮಿಂಗಿಲದ ಉಸಿರು ಕಂಡರೆ
ಬಾಣಬಿರುಸು ಹಾರಿಸುತ್ತಿದ್ದ; ಊರ ಗಂಡಸರು
ಅರ್ಧ ಉಂಡ ತಟ್ಟೆ ಬಿಟ್ಟು ಈಟಿ ಹಿಡಿದು ದೋಣಿಗೆ ಓಡುತ್ತಿದ್ದರು.
ಈಗ ಫೋನು ಮಾಡುತ್ತಾನೆ; ಕೆಂಪು ಜಾಕೀಟಿನ ಪ್ರವಾಸಿಗರು
ಕ್ಯಾಮೆರಾ ಹಿಡಿದು ಓಡುತ್ತಾರೆ.
ಕಿಂಡಿ ಅದೇ.

"ಇಷ್ಟು ಕಡಲನ್ನ ಒಟ್ಟಿಗೆ ಹೇಗೆ ನೋಡ್ತೀರಿ?"
"ಯಾರು ನೋಡ್ತಾರೆ ಒಟ್ಟಿಗೆ? ಕಣ್ಣು ಸೀದುಹೋಗುತ್ತೆ.
ಒಂದು ಪಟ್ಟಿ ನೋಡು. ಇದ್ದರೆ ಗೀಟು ಹಾಕು.
ಇಲ್ಲದಿದ್ದರೆ ಬಿಡು, ಮುಂದಿನ ಪಟ್ಟಿ.
ಹೊತ್ತುಕೊಳ್ಳೋದು ಗೀಟು ಮಾತ್ರ, ನೀರಲ್ಲ."
ಗೋಡೆಯ ತುಂಬ ಇದ್ದಿಲ ಗೀಟು, ಐದೈದರ ಕಟ್ಟು.
ಯಾವ ಕಾಲದ್ದೆಂದು ಅವಳು ಕೇಳಲಿಲ್ಲ.

ಅವತ್ತು ರಾತ್ರಿ ಅವಳೂ ಗೇಣಗಲ ತೆರೆದಳು:
ಹತ್ತು ನಿಮಿಷದ ಕಡಲು. ಕೇಳು, ಎಣಿಸು, ಚೆಲ್ಲು.
ಮತ್ತೆ ಹತ್ತು. ಕೇಳು, ಎಣಿಸು, ಚೆಲ್ಲು.
ಇರುವುದು ಒಂದೇ ಚೊಂಬು, ಸುರಿದರೆ ತಾನೇ ಮತ್ತೆ ಮೊಗೆಯುವುದು.
ಫ್ಯಾನು ಸುಮ್ಮನಿತ್ತು. ಎಂಟರಲ್ಲಿ ಒಂದೂ ತುಂಬಲಿಲ್ಲ.
ಹಡಗಿನ ಗುಡುಗುಡು ಹೋಯಿತು, ಮಳೆ ಹೋಯಿತು,
ಜನವರಿಯ ಬಿರುಗಾಳಿ ಮುನ್ನೂರು ತುಣುಕಲ್ಲಿ ಮುಗಿಯಿತು,
ಒಂದು ಸಣ್ಣ ಭೂಕಂಪ,
ಯಾರದೋ ಲಂಗರು ಜಾರಿದ ಸರಪಳಿ.
ಬೆಳಗಿನ ಲೆಕ್ಕ: ನಾಲ್ಕು ಸಾವಿರದ ಹದಿನೇಳು ಕರೆ.

ಆದರೂ ಅನುಮಾನ.
ತುಣುಕು ತುಣುಕಿನ ನಡುವಿನ ಗಡಿಯೊಂದನ್ನು
ಹತ್ತುಪಟ್ಟು ವೇಗ ಮಾಡಿ ಕಿವಿಗೆ ಹಾಕಿಕೊಂಡಳು:
ಈಚೆ ತುದಿಯಲ್ಲಿ ನೀಲಿ ತಿಮಿಂಗಿಲ ಹೂಂ ಎಂದು ಶುರುಮಾಡಿದೆ,
ಕಚಕ್.
ಆಚೆ ತುದಿಯಲ್ಲಿ ಅದೇ ಹೂಂಕಾರದ ಬಾಲ.
ತಲೆಯಿಲ್ಲದ್ದನ್ನು ಪ್ರೋಗ್ರಾಮು ಗುರುತಿಸಲಿಲ್ಲ,
ಬಾಲವಿಲ್ಲದ್ದನ್ನೂ.
ಹೊಸ್ತಿಲ ಮೇಲೆ ಕೂತವನಿಗೆ
ಎರಡೂ ಕೋಣೆಯಲ್ಲಿ ಎಲೆ ಇಲ್ಲ.

ಮತ್ತೆ ಗುಡ್ಡ. ಎವರಿಸ್ತು ಉತ್ತರ ಹೇಳಲಿಲ್ಲ, ದುರ್ಬೀನು ಕೊಟ್ಟ,
ಅವಳ ಮೊಣಕೈ ಹಿಡಿದು ನಿಧಾನ ತಿರುಗಿಸಿದ.
ಬಲತುದಿಯಲ್ಲಿದ್ದ ಬಂಡೆ
ಹೊಸ ನೋಟದಲ್ಲಿ ಎಡತುದಿಗೆ ಬಂದು ನಿಂತಿತು.
"ಮುಂದೆ ಹೋಗೋವಾಗ ಬೆರಳಷ್ಟು ಹಳೇದನ್ನ ಕರಕೊಂಡು ಹೋಗು.
ಇದನ್ನ ಕಲಿಯೋ ಮುಂಚೆ
ಒಂದು ತಾಯಿ, ಒಂದು ಮರಿ ತಪ್ಪಿಸಿಕೊಂಡವು, ಅರವತ್ತೆಂಟರಲ್ಲಿ."
ತುಸು ತಡೆದು, "ಒಳ್ಳೇದೇ ಆಯ್ತು" ಎಂದ.
ಸಿಗರೇಟು ಹಚ್ಚಿದ.

ಈಗ ಪ್ರತಿ ತುಣುಕೂ ಹಿಂದಿನದರ ಕೊನೆಯ ಅರ್ಧ ನಿಮಿಷವನ್ನು
ಸೆರಗಿಗೆ ಗಂಟು ಹಾಕಿಕೊಂಡು ಬರುತ್ತದೆ.
ಎರಡು ಸಲ ಎಣಿಸಿದ್ದನ್ನು ಒಂದಾಗಿಸಲು ಸಾಲೊಂದು ಬರೆದಳು,
ತಪ್ಪಿತು, ಮತ್ತೆ ಬರೆದಳು.
ಹೊಸ್ತಿಲಿಂದ ಎದ್ದು ಬಂದವರು ನೂರ ಮೂವತ್ತನಾಲ್ಕು.

ಮಷೀನಿನ ನೆನಪಲ್ಲಿ ಈಗ ಕಡಲಿಲ್ಲ.
ಒಂದು ಸಂಖ್ಯೆ ಇದೆ. ಮತ್ತೆ, ಮುಂದಿನ ತುಣುಕು ಬಂದೀತೆಂದು
ಬಿಡದೆ ಹಿಡಿದುಕೊಂಡ ಕಟ್ಟಕಡೆಯ ಅರ್ಧ ನಿಮಿಷ.
ಅದರಲ್ಲಿ ನೀರು,
ನೀರ ಮೇಲೆಲ್ಲೋ ಒಂದು ಮೋಟಾರು,
ಕಿವಿಯನ್ನು ಮೇಲೆತ್ತಲು ಬರುತ್ತಿರುವ
ಅವಳದೇ ದೋಣಿ.